ಕಥೆಗೆ ಸಹಾಯ ಬೇಕು: ಪೀಠದ ಲ್ಯಾಬಿನಲ್ಲಿ ಕೂತವಳು ಹೇಗೆ ತಿರುಗಿ ಬೀಳುತ್ತಾಳೆ?

ತುಂಗೆದಂಡೆ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ತೀರ್ಥಹಳ್ಳಿ ಕಡೆಯವಳು, ಇಪ್ಪತ್ತಾರು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಬೆಳಿಗ್ಗೆ ಕಿಟಕಿ ತೆಗೆದಾಗಿನಿಂದ ಮಧ್ಯಾಹ್ನದ ಊಟದ ತನಕ ಅರವತ್ತು ಎಪ್ಪತ್ತು ಜನರ ರಕ್ತ ತೆಗೆಯುತ್ತೇನೆ. ಮುಖ ಮರೆತರೂ ಕೆಲವರ ನರ ನೆನಪಿರುತ್ತದೆ. ಇವರದು ಎಡಗೈಯಲ್ಲಿ ಸಿಗುವುದಿಲ್ಲ, ಬಲಗೈಯ ಹಿಂಬದಿ ನೋಡಬೇಕು ಅಂತ.

ಮೂರು ಮಳೆಗಾಲದಿಂದ ಒಂದು ನೀಳ್ಗತೆ ಬರೆಯುತ್ತಿದ್ದೇನೆ. ನಡೆಯುವುದು 2064ರಲ್ಲಿ. ನಾಡಿಗೆ ಹೆಸರಿಟ್ಟಿಲ್ಲ, ಆದರೆ ಮಳೆ, ಗದ್ದೆ, ಅಡಿಕೆ ಚಪ್ಪರ ಎಲ್ಲ ನನ್ನ ಊರಿನದೇ. ಆಳುವುದು ಪೀಠ. ಯಾವ ಧರ್ಮದ ಪೀಠ ಅಂತ ಬರೆದಿಲ್ಲ, ಬೇಕಂತಲೇ ಬಿಟ್ಟಿದ್ದೇನೆ. ಮಗು ಹುಟ್ಟಿದ ಮೂರನೇ ದಿನ ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತ ಕಾರ್ಡಿನ ಮೇಲೆ ಇಳಿಸುತ್ತಾರೆ. ಅದರ ಮೇಲೆ ಪೀಠ ಒಂದು ವಂಶಪತ್ರ ಕೊಡುತ್ತದೆ. ಬಿಳಿ ಪತ್ರದವರು ಬಿಳಿ ಪತ್ರದವರನ್ನೇ ಮದುವೆಯಾಗಬೇಕು. ಹಳದಿಯವರು ಅನುಮತಿ ಕೇಳಬೇಕು. ಮಣ್ಣಿನ ಬಣ್ಣದ ಪತ್ರ ಬಂದರೆ ಹದಿನಾಲ್ಕನೇ ವಯಸ್ಸಿಗೆ ಒಂದು ಚುಚ್ಚುಮದ್ದು, ಮಕ್ಕಳಾಗದ ಹಾಗೆ. ಅದಕ್ಕೆ ‘ಸಂಯಮ ದೀಕ್ಷೆ’ ಅಂತ ಹೆಸರು, ಹೋಳಿಗೆ ಊಟವೂ ಇರುತ್ತದೆ. ಬಿತ್ತನೆ ಭತ್ತವೂ ಪೀಠದಿಂದಲೇ ಪ್ರಸಾದವಾಗಿ ಬರುತ್ತದೆ. ಬೆಳೆದ ಕಾಳು ತುಂಬಿರುತ್ತದೆ, ಅನ್ನವೂ ಆಗುತ್ತದೆ, ಮರುವರ್ಷ ಬಿತ್ತಿದರೆ ಮಾತ್ರ ಮೊಳೆಯುವುದಿಲ್ಲ.

ನನ್ನ ಗಿರಿಜೆಗೆ ಮೂವತ್ತನಾಲ್ಕು ವರ್ಷ. ಹೊಳೆದಂಡೆಯ ಪರೀಕ್ಷಾ ಕೇಂದ್ರದಲ್ಲಿ ಕೆಲಸ. ಒಳ್ಳೆಯವಳು, ಧೈರ್ಯವಂತೆ, ಮೊದಲ ದಿನದಿಂದಲೂ ಪೀಠವನ್ನು ಮನಸ್ಸಿನಲ್ಲೇ ವಿರೋಧಿಸುತ್ತ ಬಂದವಳು.

ಇದು ಬರೀ ಕಲ್ಪನೆಯಿಂದ ಹುಟ್ಟಿದ್ದಲ್ಲ. ನನ್ನ ಕೆಲಸದ ಓದಿನಲ್ಲೇ ಇರಾನಿನ ವಿಷಯ ಸಿಕ್ಕಿತು. ಅಲ್ಲಿ 1997ರಿಂದ ಮದುವೆಯಾಗುವ ಜೋಡಿ ಥಲಸ್ಸೀಮಿಯಾ ಪರೀಕ್ಷೆ ಮಾಡಿಸಲೇಬೇಕು. ಥಲಸ್ಸೀಮಿಯಾ ಅಂದರೆ ತಂದೆತಾಯಿಯಿಂದ ಬರುವ ರಕ್ತದ ಕಾಯಿಲೆ. ಇಬ್ಬರೂ ವಾಹಕರಾಗಿದ್ದರೆ (ತಮಗೆ ಕಾಯಿಲೆ ಇಲ್ಲ, ಮಕ್ಕಳಿಗೆ ಬರಬಹುದು) ಕೂರಿಸಿ ತಿಳಿಹೇಳುತ್ತಾರೆ, ನಿರ್ಧಾರ ಅವರದೇ. ಮೊದಮೊದಲು ಎಷ್ಟೋ ಜೋಡಿ ಬೇರೆಯಾದವು. ಅದನ್ನು ನೋಡಲಾರದೆ ಆರೋಗ್ಯ ಇಲಾಖೆಯವರು ಧರ್ಮಗುರುಗಳ ಜೊತೆ ಮಾತಾಡಿದರು. ಭ್ರೂಣಕ್ಕೆ ರೋಗ ಖಚಿತವಾದರೆ ಗರ್ಭ ತೆಗೆಸಬಹುದು ಎಂಬ ಫತ್ವಾ ಬಂತು, 2005ರಲ್ಲಿ ಕಾನೂನೂ ಆಯಿತು, ನಾಲ್ಕು ತಿಂಗಳ ಒಳಗಾದರೆ ಮಾತ್ರ. ಥಲಸ್ಸೀಮಿಯಾ ಇರುವ ಮಕ್ಕಳು ಹುಟ್ಟುವುದು ಬಹಳ ಇಳಿಯಿತು. ತಿಂಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುವ ಮಕ್ಕಳನ್ನು ನಾನೂ ನೋಡಿದ್ದೇನೆ, ಆದ್ದರಿಂದ ಆ ಕೆಲಸವನ್ನು ಕೆಟ್ಟದ್ದು ಅನ್ನಲಾರೆ.

ಆದರೆ ಅದೇ ದೇಶ 1989ರಲ್ಲಿ, ಇರಾಕಿನ ಜೊತೆಗಿನ ಯುದ್ಧ ಮುಗಿದ ಮೇಲೆ, ಮಕ್ಕಳು ಕಡಿಮೆ ಸಾಕು ಎಂದು ಕುಟುಂಬ ಯೋಜನೆ ಶುರುಮಾಡಿತ್ತು. ಹಳ್ಳಿಹಳ್ಳಿಯಲ್ಲಿ ಬೆಹ್ವರ್ಜ್ ಅನ್ನುವ ಆರೋಗ್ಯ ಕಾರ್ಯಕರ್ತೆಯರು, ನಮ್ಮ ಆಶಾ ಅಕ್ಕಂದಿರ ಹಾಗೆ, ಮಾತ್ರೆ ಹಂಚಿದರು. 2012ರ ಹೊತ್ತಿಗೆ ಸರ್ವೋಚ್ಚ ನಾಯಕರು ಜನಸಂಖ್ಯೆ ಬೆಳೆಯಬೇಕು ಎಂದರು. ಯೋಜನೆಗೆ ಹಣ ನಿಂತಿತು. 2021ರ ಕಾನೂನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಗರ್ಭನಿರೋಧಕವನ್ನೂ ಸಂತಾನಹರಣ ಚಿಕಿತ್ಸೆಯನ್ನೂ ನಿಲ್ಲಿಸಿತು. ಮೂವತ್ತು ವರ್ಷ ಒಂದೇ ಮೇಜಿನ ಹಿಂದೆ ಕೂತ ಹೆಂಗಸೊಬ್ಬಳನ್ನು ನೆನೆದುಕೊಳ್ಳಿ. ಮೊದಲು ಮಾತ್ರೆ ಕೊಟ್ಟಿದ್ದೂ ಅವಳೇ, ಆಮೇಲೆ ಮಾತ್ರೆ ಇಲ್ಲ ಎಂದಿದ್ದೂ ಅವಳೇ. ಎರಡೂ ಸಲ ಮೇಲಿನವರ ಅಪ್ಪಣೆ. ಅವಳಿಗೆ ಹೆಚ್ಚುಕಡಿಮೆ ನನ್ನ ವಯಸ್ಸು. ಅವಳು ರಾತ್ರಿ ಏನು ಯೋಚಿಸುತ್ತಾಳೆ ಅನ್ನುವುದೇ ನನ್ನ ಕಥೆಯ ಮೊದಲ ಸಾಲಾಯಿತು.

ಈಗ ತೊಡಕು. ನನ್ನ ಕೊನೆಯ ಅಧ್ಯಾಯದಲ್ಲಿ ಗಿರಿಜೆ ಪೀಠದ ಮುಖ್ಯ ಕಂಪ್ಯೂಟರಿಗೆ ಬಾಂಬ್ ಇಡುತ್ತಾಳೆ. ಎಲ್ಲ ವಂಶಪತ್ರಗಳೂ ಅಳಿಸಿಹೋಗುತ್ತವೆ, ಜನ ಬೀದಿಗೆ ಬರುತ್ತಾರೆ. ಮಗಳು ಓದಿ, ‘ಅಮ್ಮ, ಇಷ್ಟು ಹೊತ್ತು ನೀನು ಬರೀತಿದ್ದೆ, ಇಲ್ಲಿಂದ ಬೇರೆ ಯಾರೋ ಬರೆದ ಹಾಗಿದೆ’ ಅಂದಳು. ನಿಜ. ಬಾಂಬ್ ಬಗ್ಗೆ ನನಗೇನೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಟ್ಯೂಬು, ರಿಜಿಸ್ಟರು, ಸೆಂಟ್ರಿಫ್ಯೂಜು.

ಇಂಥ ಆಡಳಿತ ಎಲ್ಲಿ ಸಡಿಲವಾಗುತ್ತದೆ? ಮೇಜಿನ ಹಿಂದೆ ಕೂತ ಒಬ್ಬಳು ನಿಜವಾಗಿ ಏನು ಮಾಡಬಲ್ಲಳು? ತಳಿವಿಜ್ಞಾನ ಗೊತ್ತಿರುವವರು, ಇತಿಹಾಸ ಓದಿದವರು, ಇಂಥದ್ದರ ನೆರಳಲ್ಲಿ ಬದುಕಿದವರು ಯಾರಿದ್ದರೂ ದಯವಿಟ್ಟು ಬರೆಯಿರಿ. ಉದ್ದವಾದರೂ ಪರವಾಗಿಲ್ಲ.

ಪಿಪೆಟ್:

ಮೇಡಂ, ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ತಳಿವಿಜ್ಞಾನವೇ ವಿಷಯ. ಕಂಪ್ಯೂಟರ್ ಸುಟ್ಟರೆ ಪೀಠಕ್ಕೆ ಏನೂ ಆಗುವುದಿಲ್ಲ. ಮಾಹಿತಿಯ ಪ್ರತಿ ಬೇರೆಡೆ ಇರುತ್ತದೆ ಅನ್ನುವುದು ಒಂದು. ಅದಕ್ಕಿಂತ ದೊಡ್ಡದು, ರಕ್ತದ ಕಾರ್ಡುಗಳು ಹಾಗೇ ಇರುತ್ತವೆ. ಒಣಗಿದ ಹನಿಯಲ್ಲಿ ಡಿಎನ್‌ಎ ದಶಕಗಟ್ಟಲೆ ಕೆಡದೆ ಉಳಿಯುತ್ತದೆ. ಸ್ವೀಡನ್ 1975ರಿಂದ ನವಜಾತ ಶಿಶುಗಳ ರಕ್ತದ ಕಾರ್ಡುಗಳನ್ನು ಕಾಪಿಡುತ್ತಿದೆ, ರೋಗ ಪತ್ತೆಗೆ. 2003ರಲ್ಲಿ ಅಲ್ಲಿನ ವಿದೇಶಾಂಗ ಸಚಿವೆ ಅನ್ನಾ ಲಿಂಡ್ ಅವರ ಕೊಲೆಯಾದಾಗ, ಶಂಕಿತ ಆರೋಪಿ ಮಗುವಾಗಿದ್ದಾಗ ಕೊಟ್ಟ ರಕ್ತದ ಮಾದರಿಯನ್ನೇ ಪೊಲೀಸರು ತರಿಸಿಕೊಂಡರು. ಕೊಲೆಗಾರ ಸಿಕ್ಕಿದ್ದು ಸರಿಯೇ. ಆದರೆ ರೋಗಕ್ಕೆಂದು ಇಟ್ಟ ಪೆಟ್ಟಿಗೆ ಪೊಲೀಸರಿಗೂ ತೆರೆಯುತ್ತದೆ ಎಂದು ಅವತ್ತು ಎಲ್ಲರಿಗೂ ಗೊತ್ತಾಯಿತು.

ಇನ್ನೊಂದು. ಒಬ್ಬರ ಕಾರ್ಡು ಸುಟ್ಟರೂ ಅವರು ತಪ್ಪಿಸಿಕೊಂಡಂತಲ್ಲ. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಸರಣಿ ಕೊಲೆಗಾರನೊಬ್ಬ ಸಿಕ್ಕಿದ್ದು ಅವನ ದೂರದ ಸಂಬಂಧಿಕರ ಡಿಎನ್‌ಎಯಿಂದ. ಅವನು ಯಾವ ಜಾಲತಾಣಕ್ಕೂ ತನ್ನದನ್ನು ಕೊಟ್ಟಿರಲಿಲ್ಲ. ಅತ್ತೆ ಮಗ, ಚಿಕ್ಕಪ್ಪನ ಮೊಮ್ಮಗಳು ಕೊಟ್ಟರೆ ನಾವೂ ಕೊಟ್ಟ ಹಾಗೆ.

ಗಿರಿಜೆ ಕೈಲಾಗುವ ಕೆಲಸ ನಿಮಗೇ ಗೊತ್ತಿದೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನ ಬದಲು ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿಗೆ ರಕ್ತ ತೆಗೆದರೆ? ಡಿಎನ್‌ಎಯನ್ನು ಪ್ರತಿ ಮಾಡಿ ಓದುವ ಪಿಸಿಆರ್ ಪರೀಕ್ಷೆಯನ್ನು ಹೆಪಾರಿನ್ ತಡೆಯುತ್ತದೆ. ಸುಳ್ಳು ಫಲಿತಾಂಶ ಬರುವುದಿಲ್ಲ, ಫಲಿತಾಂಶವೇ ಬರುವುದಿಲ್ಲ. ‘ಇನ್‌ವ್ಯಾಲಿಡ್’ ಎಂದು ಬಂದು, ರಿಪೀಟ್ ಸ್ಯಾಂಪಲ್ ಕೇಳುತ್ತಾರೆ. ಮಳೆಗಾಲದ ಮಲೆನಾಡಿನಲ್ಲಿ ಒಂದು ರಿಪೀಟ್ ಅಂದರೆ ಮೂರು ವಾರ. ಗರ್ಭಿಣಿಯೊಬ್ಬಳು ಗಡಿ ದಾಟಲು ಮೂರು ವಾರ ಸಾಕಲ್ಲವೇ?

ಕಡಲಾಚೆ ನರ್ಸ್:

ಅಕ್ಕ, ನಾನು ಕುಂದಾಪುರದ ಕಡೆಯವಳು. ಕುವೈತಿನಲ್ಲಿ ಒಂಬತ್ತು ವರ್ಷ ನರ್ಸ್ ಆಗಿದ್ದೆ, 2019ರಲ್ಲಿ ಊರಿಗೆ ಬಂದೆ. ನೀವು ಕಥೆ ಅಂತ ಬರೆದದ್ದು ಓದುವಾಗ ನನಗೆ 2015 ನೆನಪಾಯಿತು.

ಆ ವರ್ಷ ಜೂನ್ 26, ಶುಕ್ರವಾರ, ರಂಜಾನ್ ತಿಂಗಳು. ಇಮಾಮ್ ಸಾದಿಕ್ ಮಸೀದಿಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಆತ್ಮಾಹುತಿ ಬಾಂಬ್. 27 ಜನ ತೀರಿಕೊಂಡರು. ರಕ್ತ ಕೊಡಲು ಜನ ಸಾಲುಗಟ್ಟಿ ನಿಂತರು, ಸುನ್ನಿ ಶಿಯಾ ಅಂತ ಇಲ್ಲದೆ. ಮರುತಿಂಗಳೇ ಸಂಸತ್ತು ಒಂದು ಕಾನೂನು ಮಾಡಿತು. ದೇಶದ ಪ್ರತಿಯೊಬ್ಬ ನಾಗರಿಕ, ಕೆಲಸಕ್ಕೆ ಬಂದ ನಮ್ಮಂಥವರು, ನಾಲ್ಕು ದಿನಕ್ಕೆ ಬಂದು ಹೋಗುವವರು, ಎಲ್ಲರೂ ಡಿಎನ್‌ಎ ಕೊಡಬೇಕು. ಕೊಡದಿದ್ದರೆ ಒಂದು ವರ್ಷದ ತನಕ ಜೈಲು, ಹತ್ತು ಸಾವಿರ ದಿನಾರ್ ತನಕ ದಂಡ. ಸಾವಿನ ಮನೆಯಲ್ಲಿ ಅಳುತ್ತ ಕೂತವರ ಹತ್ತಿರ ಏನು ಕೇಳಿದರೂ ಹೂಂ ಅನ್ನುತ್ತಾರಲ್ಲ, ಹಾಗೆ ಆಯಿತು ಅದು. ನಿಮ್ಮ ಪೀಠಕ್ಕೂ ಅಂಥ ಒಂದು ಶುಕ್ರವಾರ ಬೇಕು ಅಕ್ಕ. ಜನ ಹೆದರಿದ ಒಂದು ದಿನ ಇಲ್ಲದೆ ಇಂಥದ್ದು ಶುರುವಾಗುವುದಿಲ್ಲ.

ಡ್ಯೂಟಿ ರೂಮಿನಲ್ಲಿ ನಾವು ಕನ್ನಡದವರು, ಮಲಯಾಳಿಗಳು, ಫಿಲಿಪೀನ್ಸಿನವರು ಪಿಸುಗುಟ್ಟಿಕೊಳ್ಳುತ್ತಿದ್ದೆವು. ನಮ್ಮದು ಹೋದರೆ ವೀಸಾ ಅಷ್ಟೇ. ಅಲ್ಲಿ ಬಿದೂನ್ ಅಂತ ಒಂದು ಲಕ್ಷಕ್ಕೂ ಮೇಲೆ ಜನ ಇದ್ದಾರೆ, ಅಲ್ಲೇ ಹುಟ್ಟಿದರೂ ಯಾವ ದೇಶದ ಪೌರತ್ವವೂ ಇಲ್ಲದವರು. ‘ನಿನ್ನ ರಕ್ತ ಇಲ್ಲಿನದಲ್ಲ’ ಅಂತ ಯಂತ್ರದಿಂದಲೇ ಹೇಳಿಸಿಬಿಟ್ಟರೆ ಏನು ಮಾಡುವುದು ಅಂತ ಅವರಿಗೆ ದಿಗಿಲು. ನನ್ನ ವಾರ್ಡಿಗೆ ಡಯಾಲಿಸಿಸ್‌ಗೆ ಬರುತ್ತಿದ್ದ ಬಿದೂನ್ ಅಜ್ಜ ಒಬ್ಬರು ಪ್ರತಿ ಸಲ ಸೂಜಿ ಹಾಕುವಾಗ ‘ಇದು ಎಲ್ಲಿಗೆ ಹೋಗುತ್ತದೆ?’ ಅಂತ ಟ್ಯೂಬು ತೋರಿಸಿ ಕೇಳುತ್ತಿದ್ದರು. ಮೊದಲು ಅವರು ಹಾಗೆ ಕೇಳಿದವರೇ ಅಲ್ಲ. ಆ ಪ್ರಶ್ನೆಗೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ದೊಡ್ಡ ಮನೆತನದವರಿಗೂ ಒಳಗೊಳಗೇ ಹೆದರಿಕೆ ಎಂದು ನಮ್ಮ ನಡುವೆ ಮಾತಿತ್ತು. ಯಾರ ಮಗ ಯಾರ ಮಗ ಅನ್ನುವುದು ಹೊರಗೆ ಬಂದರೆ ಆಸ್ತಿ, ಹೆಸರು ಎಲ್ಲ ಹೋಗುತ್ತದೆ. ನಿಮ್ಮ ಕಥೆಗೆ ಇದು ಬೇಕು. ಪೀಠದಲ್ಲಿ ಎತ್ತರದಲ್ಲಿ ಕೂತವರ ಮನೆಯ ಕಾರ್ಡು ಒಂದು ದಿನ ಗಿರಿಜೆಯ ಮೇಜಿಗೆ ಬರಲಿ.

ಕೊನೆಗೆ ಆದದ್ದು ಏನೆಂದರೆ, ವಕೀಲರು ನ್ಯಾಯಾಲಯಕ್ಕೆ ಹೋದರು. ಯುರೋಪಿನ ತಳಿವಿಜ್ಞಾನಿಗಳ ಸಂಘವೂ ಇದು ಸರಿಯಲ್ಲ ಎಂದು ಬರೆಯಿತು. 2017ರ ಅಕ್ಟೋಬರಿನಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ಕಾನೂನನ್ನು ರದ್ದು ಮಾಡಿತು, ವೈಯಕ್ತಿಕ ಸ್ವಾತಂತ್ರ್ಯಕ್ಕೆ, ಖಾಸಗಿತನಕ್ಕೆ ವಿರುದ್ಧ ಅಂತ. ಬಾಂಬ್ ಇಲ್ಲ, ಬೀದಿ ಇಲ್ಲ. ಎರಡು ವರ್ಷ ಕಾಗದ ಓಡಾಡಿತು ಅಷ್ಟೇ. ಪೀಠದಲ್ಲಿ ನ್ಯಾಯಾಲಯ ಇರುವುದಿಲ್ಲ ಅನ್ನುತ್ತೀರಿ, ಗೊತ್ತು. ಇದ್ದಾಗಲೇ ಉಪಯೋಗಿಸದೆ ಬಿಟ್ಟವರು ಒಬ್ಬರಾದರೂ ಕಥೆಯಲ್ಲಿ ಬರಲಿ, ಒಬ್ಬ ಮುದುಕ ವಕೀಲ.

ಇರಾನಿನ ವಿಷಯ ಬರೆದಿರಿ. 2022ರಲ್ಲಿ ಮಹ್ಸಾ ಅಮೀನಿ ಎನ್ನುವ ಹುಡುಗಿ ತೆಹ್ರಾನಿನಲ್ಲಿ ನೈತಿಕ ಪೊಲೀಸರು ಹಿಡಿದ ಮೇಲೆ ತೀರಿಕೊಂಡಳಲ್ಲ, ಆಮೇಲಿನ ಗಲಾಟೆಯಲ್ಲಿ ಪೆಲೆಟ್ ಗುಂಡು ತಗುಲಿದವರು ಆಸ್ಪತ್ರೆಗೆ ಹೋಗಲು ಹೆದರಿದರು. ಹೋದರೆ ಅಲ್ಲೇ ಹಿಡಿಯುತ್ತಿದ್ದರು. ಡಾಕ್ಟರು, ನರ್ಸುಗಳು ಗುಟ್ಟಾಗಿ ಮನೆಮನೆಗೆ ಹೋಗಿ ಗುಂಡು ತೆಗೆದರು. ನಾನು ಆಗ ಊರಿನಲ್ಲಿದ್ದೆ, ಟಿವಿಯಲ್ಲಿ ನೋಡುತ್ತ ಲೆಕ್ಕ ಹಾಕಿದೆ: ಫೋರ್ಸೆಪ್ಸ್, ಹೊಲಿಗೆ ಸೆಟ್ಟು, ಟಿಟಿ ಇಂಜೆಕ್ಷನ್, ಆಂಟಿಬಯೋಟಿಕ್, ಒಂದು ಟಾರ್ಚು. ಇಷ್ಟೇ ಸಾಮಾನು, ತರಕಾರಿ ಚೀಲದಲ್ಲಿ ಹಿಡಿಯುತ್ತದೆ. ರಿಜಿಸ್ಟರಿನಲ್ಲಿ ಬರೆಯುವಂತಿಲ್ಲ. ನಮಗೆ ಟ್ರೈನಿಂಗಿನ ಮೊದಲ ದಿನವೇ ಹೇಳಿಕೊಡುವುದು ‘ಬರೆಯದಿದ್ದರೆ ಮಾಡಿಲ್ಲ ಅಂತ ಅರ್ಥ’ ಅಂತ. ಆ ಅಭ್ಯಾಸ ಬಿಡಲು ಅವರಿಗೆ ಎಷ್ಟು ಕಷ್ಟವಾಗಿರಬೇಕು ಅಂತ ನನಗೆ ಗೊತ್ತು.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಗಿರಿಜೆ ಮೊದಲ ದಿನದಿಂದಲೂ ಯಾಕೆ ಒಳ್ಳೆಯವಳು? ಹತ್ತು ವರ್ಷ ಆ ಮೇಜಿನಲ್ಲಿ ಕೂತವಳು ಎಷ್ಟು ಮಣ್ಣಿನ ಬಣ್ಣದ ಪತ್ರ ಬರೆದು ಕೊಟ್ಟಿರಬೇಕು?

ಓದುಗ ಧಾರವಾಡ:

ನಿವೃತ್ತ ಇತಿಹಾಸದ ಮಾಸ್ತರ. ದಾಖಲೆ ಸುಡುವ ಮಾತು ಬಂದದ್ದರಿಂದ ಒಂದು ನಿಜವಾದ ಘಟನೆ ಹೇಳುತ್ತೇನೆ, ತಾಯಿ.

1943ರ ಮಾರ್ಚ್ 27ರ ರಾತ್ರಿ, ಆಮ್‌ಸ್ಟರ್‌ಡ್ಯಾಮ್. ನಾಜಿಗಳು ನೆದರ್‌ಲೆಂಡ್ಸ್ ಆಕ್ರಮಿಸಿದ್ದರು. ಜನ ಖೊಟ್ಟಿ ಗುರುತಿನ ಚೀಟಿ ಮಾಡಿಕೊಂಡು ಬದುಕುತ್ತಿದ್ದರು, ಆದರೆ ಚೀಟಿಯನ್ನು ನಗರದ ನಿವಾಸಿಗಳ ನೋಂದಣಿ ಕಚೇರಿಯ ಕಾರ್ಡಿನೊಂದಿಗೆ ತಾಳೆ ನೋಡಿದರೆ ಸಿಕ್ಕಿಬೀಳುತ್ತಿದ್ದರು. ವಿಲ್ಲೆಮ್ ಅರೊಂಡೇಯಸ್ ಎಂಬ ಚಿತ್ರಕಾರ ಮತ್ತು ಗೆಳೆಯರು ಪೊಲೀಸ್ ವೇಷದಲ್ಲಿ ಒಳಹೊಕ್ಕರು. ಅವರೊಳಗಿನ ವೈದ್ಯಕೀಯ ವಿದ್ಯಾರ್ಥಿಗಳು ಕಾವಲುಗಾರರಿಗೆ ನಿದ್ದೆಯ ಇಂಜೆಕ್ಷನ್ ಕೊಟ್ಟರು, ಒಬ್ಬರನ್ನೂ ಕೊಲ್ಲಲಿಲ್ಲ. ಕಪಾಟುಗಳ ಕಾರ್ಡು ನೆಲಕ್ಕೆ ಸುರಿದು ಬೆಂಕಿ ಇಟ್ಟರು. ಒತ್ತೊತ್ತಾಗಿ ಜೋಡಿಸಿದ ಕಾಗದ ಸುಲಭವಾಗಿ ಸುಡುವುದಿಲ್ಲ. ಸುಟ್ಟದ್ದು ಹೆಚ್ಚೆಂದರೆ ನೂರಕ್ಕೆ ಹದಿನೈದು ಪಾಲು. ಅರೊಂಡೇಯಸ್ ಸೇರಿ ಹನ್ನೆರಡು ಜನರಿಗೆ ಜುಲೈ 1ರಂದು ಗುಂಡಿಕ್ಕಿದರು.

ನನಗೆ ಆ ಹನ್ನೆರಡು ಜನರಷ್ಟೇ ದೊಡ್ಡವರಾಗಿ ಕಾಣುವವರು ಅಗ್ನಿಶಾಮಕ ದಳದವರು. ಸಂಗತಿ ಏನೆಂದು ಅವರಿಗೆ ಹೊಳೆಯಿತು. ತಡಮಾಡಿ ಬಂದರು. ಬಂದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ನೀರು ಹೊಡೆದು ಉಳಿದ ಕಾರ್ಡುಗಳನ್ನೂ ತೋಯಿಸಿ ಹಾಳುಮಾಡಿದರು. ತಮ್ಮ ಕೆಲಸವನ್ನೇ ಮಾಡಿದರು, ತುಸು ಜಾಸ್ತಿ ಮಾಡಿದರು. ಗಿರಿಜೆ ಆ ಜಾತಿಯವಳು ಅನಿಸುತ್ತದೆ.

ಇನ್ನೊಂದು ಅರ್ಜೆಂಟೀನಾದ್ದು. 1976ರಿಂದ 1983ರ ತನಕ ಅಲ್ಲಿ ಸೈನ್ಯದ ಆಡಳಿತ. ಕ್ರೈಸ್ತ ನಾಗರಿಕತೆಯನ್ನು ಕಾಯುತ್ತಿದ್ದೇವೆ ಎಂದು ಹೇಳಿಕೊಂಡೇ ಸಾವಿರಾರು ಯುವಕ ಯುವತಿಯರನ್ನು ಮಾಯಮಾಡಿದರು. ಬಂಧನದಲ್ಲಿ ಹುಟ್ಟಿದ, ಇಲ್ಲವೇ ತಾಯ್ತಂದೆಯರ ಜೊತೆ ಹಿಡಿದೊಯ್ದ ಕೂಸುಗಳನ್ನು ತಮ್ಮವರಿಗೆ ಹಂಚಿಬಿಟ್ಟರು, ಅಂದಾಜು ಐನೂರು ಕೂಸು. ತಾಯಂದಿರು ಸತ್ತಿದ್ದರು. ಹುಡುಕಿ ಹೊರಟವರು ಅಜ್ಜಿಯರು, 1977ರಿಂದ. ಅವರ ಪ್ರಶ್ನೆ ಒಂದೇ: ಅಪ್ಪ ಅಮ್ಮ ಇಲ್ಲದಾಗ ಅಜ್ಜಿಯ ರಕ್ತದಿಂದ ಮೊಮ್ಮಗುವನ್ನು ಗುರುತಿಸಬಹುದೇ? ವಿಜ್ಞಾನಿಗಳನ್ನು ಕೇಳುತ್ತ ದೇಶದೇಶ ತಿರುಗಿದರು. 1984ರಲ್ಲಿ ಅಮೆರಿಕದ ತಳಿವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಅಲ್ಲಿಗೆ ಹೋದರು. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯ ತಾಯಿಯಲ್ಲೂ ಮೊಮ್ಮಗುವಿನಲ್ಲೂ ಒಂದೇ. ಅದರ ಬಲದಿಂದ ಮುಂದೆ ಒಂದೊಂದೇ ಮಗು ಸಿಕ್ಕಿತು. 1987ರಲ್ಲಿ ಕಾನೂನಿನ ಮೂಲಕ ರಾಷ್ಟ್ರೀಯ ತಳಿ ದತ್ತಾಂಶ ಬ್ಯಾಂಕ್ ಆಯಿತು. ಎಷ್ಟೋ ಅಜ್ಜಿಯರು ರಕ್ತ ಕೊಟ್ಟು, ಮೊಮ್ಮಗುವನ್ನು ನೋಡದೆ ತೀರಿಕೊಂಡರು. ಅವರ ರಕ್ತ ಅಲ್ಲಿ ಕಾಯುತ್ತಿದೆ. ಈವರೆಗೆ 130ಕ್ಕೂ ಹೆಚ್ಚು ಜನ ಸಿಕ್ಕಿದ್ದಾರೆ, ಬದುಕಿರುವವರಿಗೆಲ್ಲ ಈಗ ನಲವತ್ತು ದಾಟಿದೆ.

ಆದ್ದರಿಂದ ಎಲ್ಲ ಕಾರ್ಡು ಸುಡಿಸುವ ಮುಂಚೆ ಯೋಚಿಸಿರಿ. ಪೀಠ ಬಿದ್ದ ಮೇಲೆ ಯಾರ ಮಗು ಯಾರದೆಂದು ಹುಡುಕಲು ಅದೇ ಕಾರ್ಡು ಬೇಕಾದೀತು. ನಮ್ಮ ಕಲ್ಯಾಣವನ್ನೂ ಮರೆಯಬೇಡಿರಿ. ಹರಳಯ್ಯನ ಮನೆಯ ಹುಡುಗ, ಮಧುವರಸನ ಮನೆಯ ಹುಡುಗಿ, ಒಂದು ಮದುವೆ. ಅದಕ್ಕೆ ಬೀಗರಿಬ್ಬರನ್ನೂ ಎಳೆಹೂಟೆ ಕಟ್ಟಿಸಿ ಕೊಂದರೆಂದು ನಮ್ಮಲ್ಲಿ ಹೇಳುತ್ತ ಬಂದಿದ್ದಾರೆ. ಯಾರ ರಕ್ತ ಯಾರ ರಕ್ತದೊಂದಿಗೆ ಸೇರಬೇಕೆಂಬ ಜಗಳಕ್ಕೆ ಯಂತ್ರ ಹೊಸದು, ಅಷ್ಟೇ.

ಎರೆಹೊಲ:

ಶರಣ್ರೀ ಅಕ್ಕಾರ. ನಮ್ಮದು ರಾಯಚೂರು ಜಿಲ್ಲಾ, ಮಾನ್ವಿ ಕಡಿ. ಕಾಲುವಿ ಹೊಲದಾಗ ಭತ್ತ, ಎರೆ ಹೊಲದಾಗ ಹತ್ತಿ. ನಾ ಬೀಜದ ಬಗ್ಗೆ ಅಷ್ಟ ಹೇಳ್ತೀನ್ರಿ.

ನೀವು ಬರದ ಮೊಳೆಯಲಾರದ ಬೀಜಕ್ಕ 1998ರ ಮಾರ್ಚ್‌ನಾಗ ಅಮೆರಿಕದಾಗ ಪೇಟೆಂಟ್ ಸಿಕ್ಕಿತ್ತು. ಅಲ್ಲಿನ ಕೃಷಿ ಇಲಾಖಿ ಮತ್ತ ಒಂದು ಹತ್ತಿಬೀಜದ ಕಂಪನಿ ಕೂಡಿ ಮಾಡಿದ್ದು. ಟರ್ಮಿನೇಟರ್ ಅಂತ ಹೆಸರಾತು. ಅದೇ ವರ್ಷ ನವೆಂಬರ್ ಕಡೀಕ ನಮ್ಮ ಜಿಲ್ಲಾದಾಗ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘದವರು ಪ್ರಯೋಗಕ್ಕ ಹಾಕಿದ್ದ ಹತ್ತಿ ಕಿತ್ತಿ ಸುಟ್ರು. ಆಗ ನಾ ಹೈಸ್ಕೂಲ್ ಹುಡುಗ. ಆ ಹೊಲದಾಗ ಇದ್ದದ್ದು ಬಿಟಿ ಹತ್ತಿರಿ, ಟರ್ಮಿನೇಟರ್ ಅಲ್ಲ. ಆದ್ರ ಜನರ ಸಿಟ್ಟು ಎರಡಕ್ಕೂ ಕೂಡಿನ ಇತ್ತು. ಟರ್ಮಿನೇಟರ್ ಬೀಜ ಎಂದೂ ಮಾರ್ಕೆಟ್ಟಿಗೆ ಬರಲಿಲ್ಲ.

ಬರೂದು ಬೇಕಾಗಲೂ ಇಲ್ರಿ. 2002ರಾಗ ಬಿಟಿ ಹತ್ತಿಗೆ ಪರವಾನಗಿ ಸಿಕ್ತು, ಬಂದದ್ದು ಹೈಬ್ರಿಡ್ ಆಗಿ. ಹೈಬ್ರಿಡ್ ಬೀಜ ತಿರುಗಿ ಬಿತ್ತಿದ್ರ ಮೊಳಿತದ, ಆದ್ರ ಒಂದು ಗಿಡ ಎತ್ತರ, ಒಂದು ಗಿಡ ಗಿಡ್ಡ, ಇಳುವರಿ ಹೋತು. ಅದಕ್ಕ ವರ್ಷಾ ವರ್ಷಾ ಪಾಕೀಟ್ ತರಬೇಕು. ಪೀಠದವರು ಬೀಜ ಕೊಲ್ಲಬೇಕಾಗಿಲ್ರಿ. ಎರಡನೇ ವರ್ಷ ಲುಕ್ಸಾನ ಆಗೂ ಹಂಗ ಮಾಡಿದ್ರ ಸಾಕು, ನಾವ ಕೈಮುಗದು ಸಾಲಿನಾಗ ನಿಂದರ್ತೀವಿ. ನನಗ ಇದು ನಿಮ್ಮ ಕಥಿಗೆ ಭಾಳ ಖರೇ ಅನಸ್ತದ.

ಮತ್ತ ಇನ್ನೊಂದು. 2001ರಾಗ ಗುಜರಾತದಾಗ ಪರವಾನಗಿ ಇಲ್ಲದ ಬಿಟಿ ಹತ್ತಿ ಸಾವಿರಾರು ಎಕರೆ ನಿಂತದ್ದು ಗೊತ್ತಾತು. ಸುಡ್ರಿ ಅಂತ ಮ್ಯಾಲಿಂದ ಆದೇಶ ಬಂತು, ರೈತರು ಕೊಡಲಿಲ್ಲ. ಆಮ್ಯಾಲೆ ಅದರ ತಳಿ ಹಳ್ಳಿಹಳ್ಳಿಗೆ ತಾವ ಕೂಡಿಸಿ ಮಾಡಕೊಂಡ್ರು. ಕಿತ್ತಿ ಸುಟ್ಟವರೂ ರೈತರ, ಮುಚ್ಚಿಟ್ಟು ಬೆಳಸಿದವರೂ ರೈತರ. ನಿಮ್ಮ ಹಳ್ಳ್ಯಾಗ ಎರಡೂ ತರದವರು ಇರ್ಲಿ, ಅವರೊಳಗ ಜಗಳನೂ ಆಗ್ಲಿ.

ತುಂಗೆದಂಡೆ:

ಎರಡು ದಿನ ಏನೂ ಬರೆಯಲಾಗಲಿಲ್ಲ, ಕ್ಷಮಿಸಿ. ಕುಂದಾಪುರದ ತಂಗಿ ಕೇಳಿದ ಪ್ರಶ್ನೆ ಮನಸ್ಸಿನಲ್ಲೇ ಕೂತಿತ್ತು.

2003ರಲ್ಲಿ ನಾನು ಬೇರೆ ಊರಿನ ಒಂದು ಖಾಸಗಿ ಲ್ಯಾಬಿನಲ್ಲಿದ್ದೆ. ಹದಿನೇಳು ವರ್ಷದ ಹುಡುಗನೊಬ್ಬ ಬರುತ್ತಿದ್ದ. ಮೊಣಕಾಲು ಊದಿರುತ್ತಿತ್ತು, ಸಣ್ಣ ಗಾಯವಾದರೂ ರಕ್ತ ನಿಲ್ಲುತ್ತಿರಲಿಲ್ಲ. ಹೀಮೊಫಿಲಿಯಾ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ ಎಂಟರ ವರದಿಯನ್ನು ಕವರಿಗೆ ಹಾಕಿ ಅಂಟಿಸಿದ್ದು ನಾನೇ. ಆರು ತಿಂಗಳ ಮೇಲೆ ಊರಿನ ಹಿರಿಯರೊಬ್ಬರು ಬಂದರು. ದೇವಸ್ಥಾನದ ಸಮಿತಿಯಲ್ಲಿದ್ದವರು, ಎಲ್ಲರೂ ಎದ್ದು ನಿಂತು ಮಾತಾಡುತ್ತಿದ್ದಂಥವರು. ‘ನಮ್ಮ ಹುಡುಗನಿಗೆ ಆ ಮನೆಯ ಹೆಣ್ಣು ಮಾತಾಗಿದೆ. ಅವಳ ತಮ್ಮನಿಗೆ ಏನೋ ಇದೆಯಂತಲ್ಲ, ಏನಮ್ಮ ಅದು?’ ಅಂದರು. ನಾನು ಹೇಳಿದೆ. ಹೆಸರು ಹೇಳಿದೆ, ಅದು ತಾಯಿಯ ಕಡೆಯಿಂದ ಬರುತ್ತದೆ ಎಂದೂ ವಿವರಿಸಿದೆ. ಕೇಳಿದವರಿಗೆ ಚೆನ್ನಾಗಿ ತಿಳಿಸಿಕೊಟ್ಟೆ ಎಂದು ಆ ಹೊತ್ತು ಹೆಮ್ಮೆಯೂ ಆಗಿತ್ತು.

ಮದುವೆ ನಿಂತಿತು. ಮುಂದಿನ ಸಂಬಂಧವೂ ನಿಂತಿತು, ಅದರ ಮುಂದಿನದೂ. ಆ ಹುಡುಗಿಯ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ. ತಾಯಿ ವಾಹಕಳಾಗಿದ್ದರೆ ಮಗಳೂ ವಾಹಕಳಾಗಿರುವ ಸಾಧ್ಯತೆ ಅರ್ಧಕ್ಕರ್ಧ. ಇನ್ನರ್ಧವನ್ನು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಸುಮಾರು ವರ್ಷಗಳ ಮೇಲೆ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಗುರುತು ಹಿಡಿದು ‘ಅಕ್ಕ, ಚೆನ್ನಾಗಿದ್ದೀರಾ? ತಮ್ಮನಿಗೆ ನೀವು ಎಷ್ಟು ನಿಧಾನಕ್ಕೆ ಸೂಜಿ ಹಾಕುತ್ತಿದ್ದಿರಿ’ ಎಂದು ಕೈ ಹಿಡಿದುಕೊಂಡಳು. ಬಸ್ಸು ಬರುವ ತನಕ ಕೈ ಬಿಡಲಿಲ್ಲ. ನಾನು ಆಗಲೂ ಹೇಳಲಿಲ್ಲ.

ಇಪ್ಪತ್ತು ವರ್ಷದಿಂದ ಇದನ್ನು ಮನೆಯಲ್ಲೂ ಹೇಳಿಲ್ಲ. ಕಥೆ ಯಾಕೆ ಬರೆಯುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ, ಈಗ ಗೊತ್ತಾಯಿತು.

ಬಾಂಬಿನ ಅಧ್ಯಾಯ ಹರಿದುಹಾಕಿದ್ದೇನೆ. ಈಗ ಗಿರಿಜೆ ಹನ್ನೊಂದು ವರ್ಷ ಎಲ್ಲ ಪತ್ರಗಳನ್ನೂ ತಪ್ಪಿಲ್ಲದೆ ಬರೆದವಳು, ಎರಡು ಸಲ ಪೀಠದಿಂದ ಶಾಲು ಹೊದೆಸಿಕೊಂಡವಳು. ಅವಳು ಬರೆದ ಮಣ್ಣಿನ ಬಣ್ಣದ ಪತ್ರದ ಹುಡುಗಿಯೊಬ್ಬಳು ಬಸ್‌ಸ್ಟ್ಯಾಂಡಿನಲ್ಲಿ ಅವಳ ಕೈ ಹಿಡಿದು ಕ್ಷೇಮ ಕೇಳುತ್ತಾಳೆ. ಮರುದಿನ ಬೆಳಿಗ್ಗೆ ಗಿರಿಜೆ ಮೊದಲ ಸಲ ಹಸಿರು ಮುಚ್ಚಳದ ಟ್ಯೂಬು ಎತ್ತಿಕೊಳ್ಳುತ್ತಾಳೆ. ರಿಜಿಸ್ಟರಿನಲ್ಲಿ ‘ರಿಪೀಟ್’ ಎಂದು ಬರೆದು ಸಹಿ ಹಾಕುತ್ತಾಳೆ. ಕಾರ್ಡುಗಳನ್ನು ಸುಡುವುದಿಲ್ಲ. ಧಾರವಾಡದ ಮಾಸ್ತರು ಹೇಳಿದ ಮೇಲೆ, ಅಜ್ಜಿಯರ ಕಾರ್ಡುಗಳನ್ನು ಮಾತ್ರ ಬೇರೆ ಡಬ್ಬಿಗೆ ಹಾಕಿ ಅಡಿಕೆ ಅಟ್ಟದ ಮೇಲೆ ಇಡುತ್ತಾಳೆ. ಬೆಚ್ಚಗೆ ಒಣಗಿದ ಜಾಗ, ಕೆಡುವುದಿಲ್ಲ. ಅವಳು ಸಿಕ್ಕಿಬೀಳುತ್ತಾಳೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ.

ಎರೆಹೊಲದ ತಮ್ಮನಿಗೆ ಒಂದು ಪ್ರಶ್ನೆ. ಗಿರಿಜೆಯ ತಾಯಿ ಪ್ರಸಾದದ ಭತ್ತ ಮೊಳೆಯುತ್ತದೋ ಇಲ್ಲವೋ ಎಂದು ಗುಟ್ಟಾಗಿ ನೋಡುವ ಒಂದು ದೃಶ್ಯವಿದೆ. ಕುಯ್ಲಿನ ವಾರವೇ ನೆನೆಹಾಕುತ್ತಾಳೆ. ಎಷ್ಟು ದಿನಕ್ಕೆ ಗೊತ್ತಾಗುತ್ತದೆ? ನಮ್ಮ ಮನೆಯಲ್ಲಿ ಗದ್ದೆ ಬಿಟ್ಟು ಬಹಳ ವರ್ಷವಾಯಿತು.

ಎರೆಹೊಲ:

ಅಕ್ಕಾರ, ನಿಮ್ಮದು ಓದಿ ನಮ್ಮ ಮನಿಯಾಕಿಗೂ ಓದಿ ಹೇಳಿದೆ. ಆಕಿ ಸುಮ್ಮನ ಕುಂತಳು, ಆಮ್ಯಾಲೆ ‘ಬರೀಲಿ ಅಂತ ಹೇಳ್ರಿ’ ಅಂದಳು.

ಭತ್ತದ್ದು ಹಿಂಗ್ರಿ. ಒಂದು ಹಗಲು ಒಂದು ರಾತ್ರಿ ನೀರಾಗ ನೆನಸಬೇಕು. ಜೊಳ್ಳು ಮ್ಯಾಲ ತೇಲತದ, ತಗದು ಚೆಲ್ಲಬೇಕು. ಹಸಿ ಗೋಣಿಚೀಲದಾಗ ಕಟ್ಟಿ ಬೆಚ್ಚಗ ಇಟ್ರ ಎರಡನೇ ದಿನಕ್ಕ ಬಿಳಿ ಮೊಳಕಿ ಕಾಣ್ತದ. ಆದ್ರ ಕುಯ್ಲಿನ ವಾರನ ನೋಡಿದ್ರ ತಪ್ಪಾಗ್ತದ್ರಿ. ಎಷ್ಟೋ ತಳಿ ಭತ್ತ ಕುಯ್ದ ಕೂಡ್ಲೆ ಮೊಳ್ಯಾಂಗಿಲ್ಲ, ಅದಕ್ಕ ನಿದ್ದಿ ಇರ್ತದ. ಸತ್ತಿಲ್ಲ, ಮಲಗಿರ್ತದ ಅಷ್ಟ. ಚೀಲದ ಬಾಯಿ ಬಿಚ್ಚಿ ನೋಡಿ ಒಂದೂ ಮೊಳತಿಲ್ಲ ಅಂತ ಆ ಮುದುಕಿ ಚೆಲ್ಲಿಗಿಲ್ಲ್ಯಾಳು. ಒಣಗಿಸಿ ಇಡಲಿ, ಒಂದೆರಡು ತಿಂಗಳು ಬಿಟ್ಟು ಇನ್ನೊಮ್ಮೆ ನೆನಸಿ ನೋಡಲಿ.